ಟೊಂಕ ಕಟ್ಟಿ ನಿಂತವರು

ನಮ್ಮ ಭಾಷೆ ಮನುಷ್ಯನ ಬಲವನ್ನೆಲ್ಲ ಸೊಂಟದಲ್ಲಿ ಇಟ್ಟಿದೆ. ಒಂದು ಕೆಲಸಕ್ಕೆ ಗಟ್ಟಿ ಮನಸ್ಸು ಮಾಡಿದವರನ್ನು ‘ಟೊಂಕ ಕಟ್ಟಿ ನಿಂತರು’ ಎನ್ನುತ್ತೇವೆ. ಮಗಳ ಮದುವೆಯ ಸಾಲದಿಂದ ‘ಸೊಂಟ ಮುರಿಯಿತು’ ಎನ್ನುತ್ತೇವೆ. ಹೆಂಗಸರ ಮಟ್ಟಿಗಂತೂ ಇದು ಬರೀ ಮಾತಲ್ಲ. ನೀರಿನ ಕೊಡ ಕೂರುವುದು ಸೊಂಟದ ಮೇಲೆ, ಅಳುವ ಮಗು ಕೂರುವುದೂ ಸೊಂಟದ ಮೇಲೆ. ಸೆರಗು ಸಿಕ್ಕಿಸುವುದು ಅಲ್ಲಿ, ಬೀಗದ ಕೈ ಗೊಂಚಲು ತೂಗುವುದೂ ಅಲ್ಲೇ. ಇಷ್ಟು ಭಾರ ಹೊರುವ ಆ ಮೂಳೆ ಮುರಿದರೆ ಏನಾಗುತ್ತದೆ, ಮುರಿದದ್ದನ್ನು ಕೂಡಿಸಿದ ಮೇಲೆ ಮುಂದಿನ ಇಪ್ಪತ್ತು ವರ್ಷದ ಬದುಕು ಹೇಗಿರುತ್ತದೆ ಎಂಬುದನ್ನು ಮಾತ್ರ ನಾವು ಅಷ್ಟಾಗಿ ಮಾತಾಡಿಕೊಂಡಿಲ್ಲ.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ಓದಿದ್ದು ಬಿ.ಎ., ಬಿ.ಎಡ್. ವೈದ್ಯಶಾಸ್ತ್ರ ನನ್ನ ವಿಷಯವಲ್ಲ. ಆದರೆ ಚರಿತ್ರೆ ಕಲಿಸುವವರಿಗೆ ಒಂದು ಚಟವಿರುತ್ತದೆ. ಏನನ್ನು ಕಂಡರೂ ‘ಇದು ಯಾವಾಗ ಶುರುವಾಯಿತು, ಇದಕ್ಕೆ ಮುಂಚೆ ಏನಿತ್ತು’ ಎಂದು ಕೇಳುತ್ತಾರೆ. 2001ರಲ್ಲಿ ನನ್ನ ಅತ್ತಿಗೆ ಜಾತ್ರೆಯಿಂದ ಬರುತ್ತಿದ್ದ ಟ್ರ್ಯಾಕ್ಟರಿನ ಟ್ರೈಲರು ಮಗುಚಿ ಅದರಡಿ ಸಿಕ್ಕಿಕೊಂಡರು. ಆಗ ಅವರಿಗೆ 34 ವರ್ಷ. ಸೊಂಟದ ಮೂಳೆ ಹಿಂದೆಯೂ ಮುಂದೆಯೂ ಮುರಿದಿತ್ತು. ನಗರದ ಆಸ್ಪತ್ರೆಯಲ್ಲಿ ಲೋಹದ ಪಟ್ಟಿ, ಸ್ಕ್ರೂಗಳನ್ನು ಹಾಕಿ ಕೂಡಿಸಿದರು. ಅವರು ಬದುಕಿ ಮನೆಗೆ ಬಂದರು, ನಡೆದರು. ಆ ಮೇಲಿನ ವರ್ಷಗಳಲ್ಲಿ ಅವರನ್ನು ನೋಡುತ್ತ ನೋಡುತ್ತ ನನಗೆ ಈ ವಿಷಯದ ಚರಿತ್ರೆ ಓದುವ ಆಸೆ ಹುಟ್ಟಿತು. ಓದಿ ತಿಳಿದದ್ದನ್ನು ನನ್ನಂಥ ಸಾಮಾನ್ಯ ಓದುಗರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ ಮೂಳೆಯ ಪರಿಚಯ. ಬೆನ್ನೆಲುಬಿನ ಬುಡದಲ್ಲಿ ತ್ರಿಕೋನಾಕಾರದ ತ್ರಿಕಾಸ್ಥಿಯಿದೆ. ಅದರ ಎರಡು ಮಗ್ಗುಲಿಗೆ ಎರಡು ಅಗಲವಾದ ಮೂಳೆಗಳು ಅಂಟಿಕೊಂಡು, ಸುತ್ತಿ ಬಂದು ಮುಂದುಗಡೆ ಕೂಡುತ್ತವೆ. ಹೀಗೆ ಒಂದು ಬಳೆಯಾಗುತ್ತದೆ. ಈ ಬಳೆಯ ಎರಡೂ ಪಕ್ಕದಲ್ಲಿ ಒಂದೊಂದು ಬಟ್ಟಲಿದೆ. ತೊಡೆಮೂಳೆಯ ಗುಂಡು ಆ ಬಟ್ಟಲಲ್ಲಿ ಕೂತು ತಿರುಗುತ್ತದೆ. ಬಳೆಯ ಒಳಗೆ ಮೂತ್ರಕೋಶ, ಗರ್ಭಕೋಶ, ದೊಡ್ಡ ರಕ್ತನಾಳಗಳು, ಕಾಲಿಗೆ ಹೋಗುವ ನರಗಳು ಇವೆ. ಗಾಜಿನ ಬಳೆ ಒಡೆದದ್ದನ್ನು ನೋಡಿದವರಿಗೆ ಗೊತ್ತು, ಅದು ಒಂದೇ ಕಡೆ ಒಡೆಯುವುದು ಅಪರೂಪ. ಸೊಂಟದ ಬಳೆಯೂ ಹಾಗೆಯೇ. ದೊಡ್ಡ ಪೆಟ್ಟು ಬಿದ್ದರೆ ಸಾಮಾನ್ಯವಾಗಿ ಎರಡು ಕಡೆ ಬಿಟ್ಟುಕೊಳ್ಳುತ್ತದೆ. ಒಳಗೆ ರಕ್ತ ಹರಿಯುವುದು ಹೊರಗೆ ಕಾಣುವುದಿಲ್ಲ. ಆದ್ದರಿಂದಲೇ ಈ ಪೆಟ್ಟು ಪ್ರಾಣಕ್ಕೆ ಅಪಾಯ.

ಇದರ ಚರಿತ್ರೆಯಲ್ಲಿ ನನಗೆ ಮೂರು ಕಾಲಗಳು ಕಾಣುತ್ತವೆ. ರಾಜವಂಶಗಳ ಕಾಲವಿಭಾಗದಂತೆ ಇದಕ್ಕೆ ಗಡಿ ಹಾಕಲಾಗದು. ಆದರೆ ಒಂದೊಂದು ಕಾಲದಲ್ಲಿ ವೈದ್ಯರು ಮುಖ್ಯವಾಗಿ ಕೇಳಿದ ಪ್ರಶ್ನೆ ಬೇರೆ ಬೇರೆ. ಮೊದಲು ಕೇಳಿದ್ದು ‘ಉಳಿಯುತ್ತಾರೆಯೇ?’ ಆಮೇಲೆ ‘ಮೂಳೆ ಕೂಡಿತೇ?’ ಕೊನೆಗೆ, ಅದೂ ಬಹಳ ತಡವಾಗಿ, ‘ಹೇಗೆ ಬದುಕುತ್ತಿದ್ದಾರೆ?’

ಮೊದಲ ಕಾಲದಲ್ಲಿ ನೆನೆಯಬೇಕಾದ ಹೆಸರು ಫ್ರಾನ್ಸಿನ ಜೋಸೆಫ್ ಫ್ರಾನ್ಸ್ವಾ ಮಾಲ್ಗೇನ್. ಮೂಳೆ ಮುರಿತಗಳ ಮೇಲೆ ಅವನು ಬರೆದ ದೊಡ್ಡ ಗ್ರಂಥದ ಮೊದಲ ಸಂಪುಟ 1847ರಲ್ಲಿ ಬಂತು. ಸೊಂಟದ ಬಳೆ ಹಿಂದೆ ಮುಂದೆ ಎರಡೂ ಕಡೆ ಲಂಬವಾಗಿ ಮುರಿದು ಅರ್ಧ ಭಾಗ ಮೇಲಕ್ಕೆ ಜರುಗುವ ಮುರಿತವನ್ನು ಅವನು ವಿವರಿಸಿದ. ಇಂದಿಗೂ ವೈದ್ಯರು ಅದಕ್ಕೆ ಅವನ ಹೆಸರು ಹೇಳುತ್ತಾರೆ. ಗಮನಿಸಿ, ರಾಂಟ್‌ಜನ್ ಎಕ್ಸ್-ರೇ ಕಂಡುಹಿಡಿದದ್ದು 1895ರಲ್ಲಿ. ಅದಕ್ಕೆ ಸುಮಾರು ಐವತ್ತು ವರ್ಷ ಮುಂಚೆ ಮಾಲ್ಗೇನ್ ಮುಟ್ಟಿ, ಅಳೆದು, ಸತ್ತವರ ದೇಹ ನೋಡಿ ತಿಳಿದ. ತಿಳಿದರೂ ಮಾಡಲು ಹೆಚ್ಚೇನೂ ಇರಲಿಲ್ಲ. ಮಲಗಿಸಬೇಕು, ಕಟ್ಟಬೇಕು, ಕಾಯಬೇಕು. ಮುಂದೆ ಕ್ಯಾನ್ವಾಸ್ ಬಟ್ಟೆಯ ತೊಟ್ಟಿಲಿನಲ್ಲಿ ಸೊಂಟವನ್ನು ತೂಗುಹಾಕುವ, ಕಾಲಿಗೆ ತೂಕ ಕಟ್ಟಿ ಎಳೆಯುವ ಕ್ರಮಗಳು ಬಂದವು. ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಹಾಗೇ ಮಲಗಿರಬೇಕಿತ್ತು. ಎದ್ದವರು ಪುಣ್ಯವಂತರು. ಎದ್ದ ಮೇಲೆ ಹೇಗಿದ್ದಾರೆ ಎಂದು ಕೇಳುವ ವ್ಯವಧಾನ ಯಾರಿಗಿದ್ದೀತು?

ಕೇಳದಿದ್ದರೂ ಒಬ್ಬ ಹೆಂಗಸು ತಾನೇ ಹೇಳಿದಳು, ಅದೂ ಬಣ್ಣಗಳಲ್ಲಿ. ಮೆಕ್ಸಿಕೋದ ಫ್ರಿಡಾ ಕಾಲೊ. 1925ರ ಸೆಪ್ಟೆಂಬರ್ 17ರಂದು ಅವಳು ಹೋಗುತ್ತಿದ್ದ ಬಸ್ಸಿಗೆ ಟ್ರಾಮ್ ಡಿಕ್ಕಿ ಹೊಡೆಯಿತು. ಅವಳಿಗೆ ಆಗ 18 ವರ್ಷ. ಕಬ್ಬಿಣದ ಹಿಡಿಕಂಬಿ ಹೊಟ್ಟೆಯ ಕೆಳಭಾಗವನ್ನು ಹಾದುಹೋಯಿತು. ಬೆನ್ನೆಲುಬು, ಪಕ್ಕೆಲುಬು, ಬಲಗಾಲಿನ ಜೊತೆಗೆ ಸೊಂಟದ ಮೂಳೆಯೂ ಮುರಿಯಿತು. ಅವಳು ಉಳಿದಳು, ಆ ಕಾಲದ ಪ್ರಶ್ನೆಗೆ ಉತ್ತರ ಸಿಕ್ಕಿತು. ಆದರೆ ಮುಂದಿನ 29 ವರ್ಷ, 1954ರಲ್ಲಿ ತೀರಿಕೊಳ್ಳುವವರೆಗೆ, ನೋವು ಅವಳನ್ನು ಬಿಡಲಿಲ್ಲ. ಗಚ್ಚಿನ ಕವಚ, ಉಕ್ಕಿನ ಕವಚ, ಮತ್ತೆ ಮತ್ತೆ ಶಸ್ತ್ರಚಿಕಿತ್ಸೆ. ಮಗು ಬೇಕೆಂದು ಆಸೆಪಟ್ಟಳು, ನಿಲ್ಲಲಿಲ್ಲ. 1932ರಲ್ಲಿ ಅಮೆರಿಕದ ಡೆಟ್ರಾಯಿಟ್‌ನ ಹೆನ್ರಿ ಫೋರ್ಡ್ ಆಸ್ಪತ್ರೆಯಲ್ಲಿ ಗರ್ಭಸ್ರಾವವಾದ ಮೇಲೆ ಅವಳು ಬರೆದ ಚಿತ್ರಕ್ಕೆ ಆಸ್ಪತ್ರೆಯ ಹೆಸರನ್ನೇ ಇಟ್ಟಿದ್ದಾಳೆ. ಚಿತ್ರದಲ್ಲಿ ಮಂಚದ ಮೇಲೆ ರಕ್ತದಲ್ಲಿ ಮಲಗಿದ ಹೆಂಗಸು. ಅವಳ ಕೈಯಿಂದ ಹೊರಟ ಕೆಂಪು ದಾರಗಳ ತುದಿಯಲ್ಲಿ ಆರು ವಸ್ತುಗಳು. ಅವುಗಳಲ್ಲಿ ಒಂದು ಹುಟ್ಟದ ಮಗು, ಇನ್ನೊಂದು ಸೊಂಟದ ಮೂಳೆ. ಅಪಘಾತವಾಗಿ ಏಳು ವರ್ಷ ಕಳೆದಿದ್ದರೂ ಮೂಳೆ ಅವಳ ಬದುಕಿಗೆ ದಾರ ಕಟ್ಟಿಕೊಂಡೇ ಇತ್ತು. ಚರಿತ್ರೆ ಓದುವವಳಿಗೆ ಈ ಚಿತ್ರ ಒಂದು ಶಾಸನವಿದ್ದಂತೆ. ಸೊಂಟದ ಮುರಿತ ಹೆಂಗಸಿನ ದಾಂಪತ್ಯ, ಬಸಿರು, ಹೆರಿಗೆಗಳನ್ನು ಹೇಗೆ ತಟ್ಟುತ್ತದೆ ಎಂದು ವೈದ್ಯರು ಲೆಕ್ಕಹಾಕುವುದಕ್ಕೆ ಹಲವು ದಶಕಗಳ ಮುಂಚೆಯೇ ಅವಳು ಅದನ್ನು ದಾಖಲಿಸಿಟ್ಟಳು.

ಅದೇ ಕಾಲದ ಇನ್ನೊಂದು ಉದಾಹರಣೆ ಗಂಡಸಿನದು. ಅಮೆರಿಕದ ಪ್ರಸಿದ್ಧ ಗಾಲ್ಫ್ ಆಟಗಾರ ಬೆನ್ ಹೋಗನ್. 1949ರ ಫೆಬ್ರವರಿ 2ರಂದು ಅವನ ಕಾರಿಗೆ ಬಸ್ಸು ಎದುರಿನಿಂದ ಬಂದು ಬಡಿಯಿತು. ಹೆಂಡತಿಯನ್ನು ಕಾಪಾಡಲು ಅವಳ ಮೇಲೆ ಅಡ್ಡಬಿದ್ದ. ಸೊಂಟದ ಬಳೆ ಎರಡು ಕಡೆ ಮುರಿಯಿತು. ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಏರತೊಡಗಿದಾಗ ಹೊಟ್ಟೆಯೊಳಗಿನ ದೊಡ್ಡ ರಕ್ತನಾಳವನ್ನೇ ವೈದ್ಯರು ಕಟ್ಟಿದರು. ಹದಿನಾರು ತಿಂಗಳ ಮೇಲೆ, 1950ರ ಜೂನ್‌ನಲ್ಲಿ, ಅವನು ಅಮೆರಿಕದ ಓಪನ್ ಪಂದ್ಯ ಗೆದ್ದ. ಅವನ ಮೇಲೆ ಸಿನಿಮಾ ಕೂಡ ಬಂತು. ಗೆಲುವಿನ ಕತೆ ಎಲ್ಲರಿಗೂ ಗೊತ್ತು. ಆಟಕ್ಕೆ ಮುನ್ನ ಬಿಸಿನೀರಿನಲ್ಲಿ ಬಹಳ ಹೊತ್ತು ಕೂರುತ್ತಿದ್ದುದು, ಕಾಲಿಗೆ ತೊಡೆಯವರೆಗೆ ಪಟ್ಟಿ ಸುತ್ತಿಕೊಳ್ಳುತ್ತಿದ್ದುದು, ವರ್ಷಕ್ಕೆ ಕೆಲವೇ ಪಂದ್ಯಗಳಿಗೆ ತನ್ನನ್ನು ಮಿತಗೊಳಿಸಿಕೊಂಡದ್ದು ಗೆಲುವಿನ ಕತೆಯ ಹಿಂಬದಿಯ ಪುಟ. 1953ರಲ್ಲಿ ಅವನು ಆಡಿದ್ದು ಆರೇ ಪಂದ್ಯ, ಗೆದ್ದದ್ದು ಐದು. ‘ಕೆಲಸಕ್ಕೆ ಮರಳಿದ’ ಎಂಬ ಮಾತಿಗೂ ‘ಮೊದಲಿನಂತಾದ’ ಎಂಬ ಮಾತಿಗೂ ಇರುವ ದೂರವನ್ನು ಹೋಗನ್ ಪ್ರತಿದಿನ ಬೆಳಿಗ್ಗೆ ಅಳೆಯುತ್ತಿದ್ದ.

ಹೋಗನ್ನನ ಅಪಘಾತಕ್ಕೆ ಒಂದು ವರ್ಷ ಮುಂಚೆ, 1948ರಲ್ಲಿ, ಇಂಗ್ಲೆಂಡಿನ ಉಕ್ಕಿನ ಊರು ಶೆಫೀಲ್ಡಿನ ಫ್ರಾಂಕ್ ಹೋಲ್ಡ್ಸ್‌ವರ್ತ್ ಎಂಬ ಶಸ್ತ್ರವೈದ್ಯ ಒಂದು ಒಳ್ಳೆಯ ಕೆಲಸ ಮಾಡಿದ. ಸೊಂಟ ಮುರಿದ 50 ಮಂದಿಯ ವಿಷಯವನ್ನು ಬರೆದು, ಅವರು ಆಮೇಲೆ ದುಡಿಯಬಲ್ಲರೇ ಎಂದು ನೋಡಿದ. ಮೂಳೆಯೇ ಮುರಿದವರು ಪರವಾಗಿರಲಿಲ್ಲ. ಆದರೆ ಬಳೆಯ ಹಿಂಭಾಗದ ಕೀಲು ಕಳಚಿದ್ದ 27 ಮಂದಿಯಲ್ಲಿ 15 ಮಂದಿ ನೋವಿನಿಂದ ಕೆಲಸ ಮಾಡಲಾರದವರಾಗಿದ್ದರು. ಉಳಿದರೆ ಸಾಲದು, ಸರಿಯಾಗಿ ಕೂಡಬೇಕು ಎಂಬ ಎಚ್ಚರ ಹೀಗೆ ಬಲವಾಯಿತು. ಎರಡನೆಯ ಕಾಲ ಇಲ್ಲಿಂದ ತೆರೆಯುತ್ತದೆ.

ಈ ಎರಡನೆಯ ಕಾಲದ ನಾಯಕ ಎಮಿಲ್ ಲೆತೂರ್ನೆಲ್. ಕೆನಡಾದ ತೀರಕ್ಕೆ ಸಮೀಪವಿರುವ, ಫ್ರಾನ್ಸಿಗೆ ಸೇರಿದ ಪುಟ್ಟ ದ್ವೀಪಗಳಲ್ಲಿ 1927ರಲ್ಲಿ ಹುಟ್ಟಿದವನು. ಪ್ಯಾರಿಸಿಗೆ ಬಂದು ರಾಬರ್ಟ್ ಜ್ಯೂಡೆ ಎಂಬ ಗುರುವಿನ ಬಳಿ ಪಳಗಿದ. ಆಗ ತೊಡೆಯ ಗುಂಡು ಕೂರುವ ಬಟ್ಟಲು ಚೂರಾದರೆ ಅದನ್ನು ತೆರೆದು ಜೋಡಿಸಲು ಬಹಳ ಮಂದಿ ಹೆದರುತ್ತಿದ್ದರು. ಅದು ದೇಹದ ಆಳದಲ್ಲಿದೆ, ಸುತ್ತ ದೊಡ್ಡ ರಕ್ತನಾಳ, ನರಗಳಿವೆ. ಜೊತೆಗೆ ಎಕ್ಸ್-ರೇಯಲ್ಲಿ ಕಾಣುವ ಗೆರೆಗಳ ಗೋಜಲು ಅರ್ಥವಾಗುತ್ತಿರಲಿಲ್ಲ. ಲೆತೂರ್ನೆಲ್ ಒಣಮೂಳೆಗಳನ್ನೂ ಎಕ್ಸ್-ರೇಗಳನ್ನೂ ಪಕ್ಕಪಕ್ಕ ಇಟ್ಟು ಯಾವ ಗೆರೆ ಮೂಳೆಯ ಯಾವ ಅಂಚು ಎಂದು ಓದುವುದನ್ನು ಕಲಿತ, ಕಲಿಸಿದ. 1964ರಲ್ಲಿ ಅವನೂ ಜ್ಯೂಡೆ ಸಹೋದರರೂ ಸೇರಿ ಪ್ರಕಟಿಸಿದ ಲೇಖನದಲ್ಲಿ ಬಟ್ಟಲಿನ ಮುರಿತಗಳ ವರ್ಗೀಕರಣವೂ, ಅವನ್ನು ತಲುಪುವ ದಾರಿಗಳೂ ಇವೆ. ಐದು ಸರಳ, ಐದು ಜಟಿಲ, ಒಟ್ಟು ಹತ್ತು ವಿಧ. ಅರವತ್ತು ವರ್ಷ ದಾಟಿದರೂ ವೈದ್ಯ ವಿದ್ಯಾರ್ಥಿಗಳು ಅದೇ ಹತ್ತನ್ನು ಓದುತ್ತಾರೆ. ಒಬ್ಬ ಒಳ್ಳೆಯ ಮೇಷ್ಟರ ಗುಣ ಇದೇ ಅಲ್ಲವೇ, ಗೋಜಲನ್ನು ವಿಂಗಡಿಸಿ ಕೊಡುವುದು? ಲೆತೂರ್ನೆಲ್ 1994ರಲ್ಲಿ ತೀರಿಕೊಂಡ.

ಬಟ್ಟಲಿನ ಕತೆ ಇದಾದರೆ, ಇಡೀ ಬಳೆಯ ಕತೆ ಕೆನಡಾದ ಟೊರಾಂಟೊದಲ್ಲಿ ಬೆಳೆಯಿತು. ಅಲ್ಲಿ ಜಾರ್ಜ್ ಪೆನ್ನಲ್ ಮತ್ತು ಮಾರ್ವಿನ್ ಟೈಲ್, ಪೆಟ್ಟು ಯಾವ ದಿಕ್ಕಿನಿಂದ ಬಿತ್ತು, ಬಳೆ ಎಷ್ಟು ಅಲುಗಾಡುತ್ತಿದೆ ಎಂಬುದರ ಮೇಲೆ ಮುರಿತಗಳನ್ನು ವಿಂಗಡಿಸಿದರು. ಅಲುಗದೆ ನಿಂತದ್ದು, ಪುಸ್ತಕದಂತೆ ತೆರೆದುಕೊಂಡದ್ದು, ಮೇಲೆ ಕೆಳಗೂ ಜರುಗುವುದು ಎಂದು ಮೂರು ಬಗೆ. ಕೊನೆಯದು ಅತಿ ತೀವ್ರ; ನನ್ನ ಅತ್ತಿಗೆಯದು ಆ ಬಗೆ. 1988ರಲ್ಲಿ ಟೈಲ್ ಬರೆದ ಒಂದು ಲೇಖನದ ತಲೆಬರಹವೇ ಒಂದು ಪ್ರಶ್ನೆ: ಸೊಂಟದ ಬಳೆಯ ಮುರಿತಗಳನ್ನು ಲೋಹ ಹಾಕಿ ಬಿಗಿಯಬೇಕೇ? ತೀವ್ರವಾದವನ್ನು ಬಿಗಿಯಬೇಕು ಎಂಬುದು ಕ್ರಮೇಣ ಎಲ್ಲ ಕಡೆ ಒಪ್ಪಿತವಾಯಿತು. ತಿಂಗಳುಗಟ್ಟಲೆ ತೊಟ್ಟಿಲಲ್ಲಿ ತೂಗುವುದು ತಪ್ಪಿತು. ಸಾವು ಕಡಿಮೆಯಾಯಿತು. ಕಾಲು ಗಿಡ್ಡವಾಗುವುದು ಕಡಿಮೆಯಾಯಿತು.

ಇದು ದೊಡ್ಡ ಸಾಧನೆ ಎಂಬುದರಲ್ಲಿ ಅನುಮಾನವಿಲ್ಲ. ಲೆತೂರ್ನೆಲ್‌ನ ಶಿಷ್ಯ, ಅಮೆರಿಕದ ಜೋಯೆಲ್ ಮಟ್ಟಾ ಶಸ್ತ್ರಚಿಕಿತ್ಸೆ ಮಾಡಿದ 816 ಬಟ್ಟಲು ಮುರಿತಗಳ ಲೆಕ್ಕ 2012ರಲ್ಲಿ ಪ್ರಕಟವಾಯಿತು. ಇಪ್ಪತ್ತು ವರ್ಷದ ಕೊನೆಗೆ ನೂರಕ್ಕೆ 79ರಷ್ಟು ಮಂದಿಗೆ ತಮ್ಮ ಸ್ವಂತ ಕೀಲೇ ಉಳಿದಿರುತ್ತದೆ, ಬದಲಿ ಕೀಲು ಬೇಕಾಗುವುದಿಲ್ಲ ಎಂದು ಅದು ತೋರಿಸಿತು. ನುರಿತ ಕೈಯಲ್ಲಿ ಈ ಚಿಕಿತ್ಸೆ ಎಷ್ಟು ಕಾಲ ಬಾಳುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಆದರೂ ಕೀಲು ಉಳಿದದ್ದು ಬೇರೆ, ಬದುಕು ಉಳಿದದ್ದು ಬೇರೆ. ಈ ಮಾತನ್ನು ಲೆಕ್ಕಕ್ಕೆ ತಂದದ್ದು ಮೂರನೆಯ ಕಾಲ. 1989ರಲ್ಲಿ ಮಜೀದ್ ಎಂಬ ಶಸ್ತ್ರವೈದ್ಯರು ಸೊಂಟ ಮುರಿದವರ ಫಲಿತಾಂಶಕ್ಕೆ ಒಂದು ಅಂಕಪಟ್ಟಿ ಮಾಡಿದರು. ಇದನ್ನು ಮೊದಲ ಸಲ ನೋಡಿದಾಗ ನನಗೆ ನಮ್ಮ ಪರೀಕ್ಷಾ ಮಂಡಳಿಯ ಅಂಕ ಹಂಚಿಕೆಯ ಹಾಳೆ ನೆನಪಾಯಿತು. ಒಟ್ಟು ನೂರು ಅಂಕ. ನೋವಿಗೆ 30. ಉದ್ಯೋಗಕ್ಕೆ 20. ಕೂರುವುದಕ್ಕೆ 10. ದಾಂಪತ್ಯ ಸುಖಕ್ಕೆ 4. ನಿಲ್ಲುವುದು, ನಡೆಯುವುದಕ್ಕೆ 36. ಅದರಲ್ಲಿ ಊರುಗೋಲಿಗೆ, ನಡಿಗೆಯ ರೀತಿಗೆ, ನಡೆಯಬಲ್ಲ ದೂರಕ್ಕೆ ತಲಾ 12. ಅಪಘಾತಕ್ಕೆ ಮುಂಚೆ ಉದ್ಯೋಗವಿಲ್ಲದಿದ್ದವರಿಗೆ ಆ 20 ಅಂಕ ಬಿಟ್ಟು ಒಟ್ಟು 80.

ಈ ಪಟ್ಟಿಯನ್ನು ನಾನು ಹಗುರವಾಗಿ ನೋಡುವವಳಲ್ಲ. ಎಕ್ಸ್-ರೇ ಹಲಗೆಯಿಂದ ಕಣ್ಣು ತೆಗೆದು ರೋಗಿಯ ಮುಖ ನೋಡಿ ‘ಕೂತರೆ ನೋಯುತ್ತದೆಯೇ?’ ಎಂದು ಕೇಳುವಂತೆ ಇದು ವೈದ್ಯರನ್ನು ಮಾಡಿತು. ಇಂದಿಗೂ ಪ್ರಪಂಚದ ಅನೇಕ ಕಡೆ, ನಮ್ಮ ದೇಶದಲ್ಲಿಯೂ, ಇದೇ ಅಂಕಪಟ್ಟಿ ಬಳಕೆಯಲ್ಲಿದೆ. ಆದರೆ ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದವರಿಗೆ ಒಂದು ಸತ್ಯ ಗೊತ್ತಿರುತ್ತದೆ. ಯಾವ ಪಾಠಕ್ಕೆ ಅಂಕವಿಲ್ಲವೋ ಆ ಪಾಠವನ್ನು ಯಾರೂ ಓದುವುದಿಲ್ಲ, ಕಲಿಸುವವರೂ ಬೇಗ ದಾಟಿಬಿಡುತ್ತಾರೆ.

ಶಸ್ತ್ರಚಿಕಿತ್ಸೆಯಾಗಿ ಮೂರು ವರ್ಷವಾದಾಗ ಅತ್ತಿಗೆ ಹೇಗಿದ್ದರೋ ಅದಕ್ಕೆ ಈಚೆಗೆ ನಾನು ಅಂಕ ಹಾಕಿ ನೋಡಿದೆ. ಅವರು ‘ಗೃಹಿಣಿ’, ಆದ್ದರಿಂದ 80ಕ್ಕೆ. ಆಗೀಗ ಸಣ್ಣ ನೋವು: 25. ಬಹಳ ಹೊತ್ತು ಕೂತರೆ ನೋವು: 6. ಊರುಗೋಲು ಬೇಡ: 12. ತುಸು ಕುಂಟು: 10. ಒಂದು ಗಂಟೆ ನಡೆಯಬಲ್ಲರು: 10. ಮೊತ್ತ 63. ದಾಂಪತ್ಯದ ನಾಲ್ಕು ಅಂಕವನ್ನು ನಾನು ಸೇರಿಸಲಿಲ್ಲ; ಆ ವಿಷಯ ಅವರನ್ನು ಯಾವ ವೈದ್ಯರೂ ಕೇಳಿರಲಿಲ್ಲ, ಅವರೂ ಯಾರಿಗೂ ಹೇಳಿರಲಿಲ್ಲ. ಸೇರಿಸದಿದ್ದರೂ 80ಕ್ಕೆ 63 ಎಂದರೆ ಮಜೀದರ ಪಟ್ಟಿಯಲ್ಲಿ ‘ಉತ್ತಮ’ ದರ್ಜೆ.

ಈಗ ಆ ದರ್ಜೆಯ ಒಳಗಿನ ಬದುಕನ್ನು ನೋಡೋಣ. ಮನೆಯ ಕಕ್ಕಸಿನಲ್ಲಿ ಕುಕ್ಕರಗಾಲಲ್ಲಿ ಕೂರಲು ಆಗುತ್ತಿರಲಿಲ್ಲ. ಅಣ್ಣ ಪ್ಲಾಸ್ಟಿಕ್ ಕುರ್ಚಿಯ ನಡುವೆ ತೂತು ಕೊರೆಸಿ ತಂದಿಟ್ಟ. ಆ ಕುರ್ಚಿ ನೆಂಟರ ಮನೆಗೆ ಬರುವುದಿಲ್ಲವಲ್ಲ! ಹೀಗಾಗಿ ಅತ್ತಿಗೆ ರಾತ್ರಿ ತಂಗುವ ಮದುವೆ, ಗೃಹಪ್ರವೇಶಗಳಿಗೆ ಹೋಗುವುದನ್ನು ಬಿಟ್ಟರು. ಹೋದರೂ ಪಂಕ್ತಿಯಲ್ಲಿ ಚಕ್ಕಲಮಕ್ಕಲ ಹಾಕಿ ಕೂರಲಾರದೆ ಎಲ್ಲರೂ ಉಂಡ ಮೇಲೆ ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತು ಉಣ್ಣುತ್ತಿದ್ದರು. ಬಾಗಿಲ ಮುಂದಿನ ರಂಗೋಲಿ ಮಗಳ ಪಾಲಾಯಿತು. ಹಸುವಿನ ಕೆಳಗೆ ಕೂತು ಹಾಲು ಕರೆಯುವುದು ನಿಂತಿತು, ಎರಡು ಹಸುವನ್ನೂ ಮಾರಿದರು. ಹಾಲಿನ ದುಡ್ಡು ಅವರ ಕೈಗೇ ಬರುತ್ತಿತ್ತು, ಅದೂ ಹೋಯಿತು. ಕೆಮ್ಮಿದರೆ, ಜೋರಾಗಿ ನಕ್ಕರೆ ಮೂತ್ರ ತಡೆಯಲು ಆಗದೆ ನಗುವುದನ್ನೇ ಕಡಿಮೆ ಮಾಡಿದ್ದೇನೆ ಎಂದು ಒಮ್ಮೆ ನನ್ನೊಬ್ಬಳ ಹತ್ತಿರ ಹೇಳಿದರು. ಇವುಗಳಲ್ಲಿ ಯಾವುದಕ್ಕೂ ಆ ಹಾಳೆಯಲ್ಲಿ ಅಂಕವಿಲ್ಲ. ಕೂರುವುದಕ್ಕೆ ಹತ್ತು ಅಂಕವಿದೆ ನಿಜ, ಆದರೆ ನೆಲದ ಮೇಲೆ ಕೂರುವುದರ ಮಾತಿಲ್ಲ.

ಹೆಂಗಸರ ಈ ತೊಂದರೆ ಅತ್ತಿಗೆಯ ಒಬ್ಬರ ಪಾಡಲ್ಲ. ಅಮೆರಿಕದಲ್ಲಿ 1997ರಲ್ಲಿ ಪ್ರಕಟವಾದ ಒಂದು ಅಧ್ಯಯನ ಸೊಂಟ ಮುರಿದ ಹೆಂಗಸರನ್ನು ಕೈಕಾಲು ಮುರಿದ ಹೆಂಗಸರ ಜೊತೆ ಹೋಲಿಸಿತು. ಮೂತ್ರದ ತೊಂದರೆ ಸೊಂಟ ಮುರಿದವರಲ್ಲಿ ನೂರಕ್ಕೆ 21, ಉಳಿದವರಲ್ಲಿ 7. ಮೂಳೆ 5 ಮಿಲಿಮೀಟರ್ ಅಥವಾ ಹೆಚ್ಚು ಜರುಗಿ ಉಳಿದಿದ್ದರೆ ತೊಂದರೆಯೂ ಹೆಚ್ಚು. ದಾಂಪತ್ಯದಲ್ಲಿ ನೋವೂ ಹೆಚ್ಚು. ಆಮೇಲಿನ ಹೆರಿಗೆಗಳಲ್ಲಿ ಸಿಸೇರಿಯನ್ನೂ ಹೆಚ್ಚು. ಅಂದರೆ ಮೂಳೆಯನ್ನು ನೇರವಾಗಿ ಕೂಡಿಸುವುದು ಎಕ್ಸ್-ರೇಯ ಅಂದಕ್ಕಲ್ಲ, ಹೆಂಗಸಿನ ಮಾನಕ್ಕೂ ನೆಮ್ಮದಿಗೂ ಸಂಬಂಧಿಸಿದ್ದು. ಹಾಗೆಯೇ ನರಕ್ಕೆ ಪೆಟ್ಟು ಬಿದ್ದ ಗಂಡಸರಲ್ಲಿ ಪುರುಷತ್ವದ ತೊಂದರೆ ಬರುವುದೂ ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ವಿಷಯ. ಗಂಡ ಹೆಂಡಿರ ನಡುವೆ ಮೌನವಾಗಿ ಬೆಳೆಯುವ ಈ ದೂರಕ್ಕೆ ಮಜೀದರು ನಾಲ್ಕಾದರೂ ಅಂಕ ಇಟ್ಟರಲ್ಲ ಎಂದು ನಾನು ಅವರಿಗೆ ಕೃತಜ್ಞಳು. ನಮ್ಮ ಕಡೆ ಆ ನಾಲ್ಕನ್ನೂ ಕೇಳದೆ ಖಾಲಿ ಬಿಡುವುದೇ ಹೆಚ್ಚು.

1990ರ ದಶಕದಲ್ಲಿ ಮೂಳೆಗೆ ಮಾತ್ರವಲ್ಲ, ಯಾವ ಕಾಯಿಲೆಗೂ ಅನ್ವಯಿಸುವ ‘ಜೀವನ ಮಟ್ಟ’ದ ಪ್ರಶ್ನಾವಳಿಗಳು ಬಂದವು. ಅಮೆರಿಕದಲ್ಲಿ 1992ರಲ್ಲಿ ಪ್ರಕಟವಾದ ಎಸ್ಎಫ್-36 ಬಹಳ ಪ್ರಸಿದ್ಧ. 36 ಪ್ರಶ್ನೆ, ಎಂಟು ವಿಭಾಗ: ನೋವು, ಓಡಾಟ, ಚೈತನ್ಯ, ಜನರೊಡನೆ ಬೆರೆಯುವುದು, ಮನಸ್ಸಿನ ಸ್ಥಿತಿ ಹೀಗೆ. ಉತ್ತರಿಸುವವರು ರೋಗಿಗಳೇ, ವೈದ್ಯರಲ್ಲ. ಸೊಂಟ ಮುರಿದವರಿಗೆ ಇದನ್ನು ಕೊಟ್ಟಾಗ, ಮೂಳೆ ಚೆನ್ನಾಗಿ ಕೂಡಿದವರೂ ವರ್ಷಗಳ ಮೇಲೂ ಸಾಮಾನ್ಯ ಜನರಿಗಿಂತ ಕೆಳಗಿದ್ದಾರೆ ಎಂಬುದು ಮತ್ತೆ ಮತ್ತೆ ಕಂಡುಬಂತು. ಆದರೆ ಆ ಪ್ರಶ್ನೆಗಳ ಉದಾಹರಣೆಗಳನ್ನು ನೋಡಿದರೆ ನಗು ಬರುತ್ತದೆ. ಸಾಧಾರಣ ಶ್ರಮದ ಕೆಲಸ ಎಂದರೆ ಮೇಜು ಸರಿಸುವುದು, ಧೂಳು ಹೀರುವ ಯಂತ್ರ ತಳ್ಳುವುದು, ಗಾಲ್ಫ್ ಆಡುವುದು! ಬೆನ್ ಹೋಗನ್‌ನಿಗೆ ಇದು ಸರಿಯಾದೀತು. ನಾಟಿ ಹಾಕುವವಳಿಗೆ, ಕುಂಟೆಬಿಲ್ಲೆ ಆಡಬೇಕಾದ ಹುಡುಗಿಗೆ ನಾವು ಬೇರೆ ಉದಾಹರಣೆಗಳನ್ನೇ ಹುಡುಕಬೇಕು.

ಹುಡುಕಿದರೆ ಸಿಗುತ್ತದೆ ಎಂಬುದಕ್ಕೆ ನಮ್ಮ ದೇಶದ್ದೇ ಒಂದು ಉದಾಹರಣೆಯಿದೆ. ಸೊಂಟದ ವಿಷಯವಲ್ಲ, ಕಾಲಿನದು. 1960ರ ದಶಕದಲ್ಲಿ ಜೈಪುರದ ಸವಾಯ್ ಮಾನ್‌ಸಿಂಗ್ ಆಸ್ಪತ್ರೆಯಲ್ಲಿ ಕಾಲು ಕಳೆದುಕೊಂಡವರಿಗೆ ವಿದೇಶಿ ಮಾದರಿಯ ಕೃತಕ ಪಾದ ಕೊಡುತ್ತಿದ್ದರು. ಅದಕ್ಕೆ ಬೂಟು ಬೇಕು, ಅದು ಬಾಗದು. ಹಾಕಿಕೊಂಡು ಕುಕ್ಕರಗಾಲಲ್ಲಿ ಕೂರುವಂತಿಲ್ಲ, ಕಾಲು ಮಡಚಿ ಕೂರುವಂತಿಲ್ಲ, ಬರಿಗಾಲಲ್ಲಿ ಗದ್ದೆಗೆ ಇಳಿಯುವಂತಿಲ್ಲ. ಜನ ಅದನ್ನು ಮೂಲೆಗೆಸೆದರು. ಡಾ. ಪಿ. ಕೆ. ಸೇಠಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮ ಸೇರಿ ರಬ್ಬರಿನಿಂದ ಬೇರೆಯದೇ ಪಾದ ಮಾಡಿದರು. ಅದೇ ಜೈಪುರ ಪಾದ. ಸೇಠಿಯವರಿಗೆ 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಆ ಕೆಲಸದ ಬೇರು ಒಂದು ಪ್ರಶ್ನೆಯಲ್ಲಿದೆ: ಈ ಮನುಷ್ಯ ಎಲ್ಲಿ ಕೂರುತ್ತಾನೆ, ಹೇಗೆ ಕೂರುತ್ತಾನೆ? ಸೊಂಟ ಮುರಿದವರಿಗೂ ನಮ್ಮಲ್ಲಿ ಮೊದಲು ಕೇಳಬೇಕಾದದ್ದು ಅದೇ.

ಇನ್ನು ಆ ಬಿಟ್ಟುಹೋದ 20 ಅಂಕಗಳ ವಿಷಯ. ಉದ್ಯೋಗವಿಲ್ಲದವರು ಎಂದು ಮಜೀದರು ಕೈಬಿಟ್ಟದ್ದು ಯಾರನ್ನೂ ಕೀಳುಮಾಡಲು ಅಲ್ಲ, ಲೆಕ್ಕದ ಅನುಕೂಲಕ್ಕೆ. ಆದರೆ ಬೆಳಿಗ್ಗೆ ಐದಕ್ಕೆ ಎದ್ದು ರಾತ್ರಿ ಹತ್ತಕ್ಕೆ ಮಲಗುವವಳನ್ನು ಉದ್ಯೋಗವಿಲ್ಲದವಳು ಎಂದು ಬರೆದಾಗ ಅವಳು ಕಳೆದುಕೊಂಡದ್ದೂ ಕಾಣದಾಗುತ್ತದೆ. ಅತ್ತಿಗೆಯ ಅಪಘಾತ ಪರಿಹಾರದ ಅರ್ಜಿಯಲ್ಲೂ ‘ಉದ್ಯೋಗ: ಗೃಹಿಣಿ’ ಎಂದೇ ಇತ್ತು, ಆದಾಯದ ಜಾಗದಲ್ಲಿ ಒಂದು ಅಡ್ಡಗೆರೆ. ಎರಡು ಹಸು, ತೆಂಗಿನ ಗರಿ ಹೆಣೆಯುವುದು, ಆರು ಜನರ ಅಡಿಗೆ ಎಲ್ಲ ಆ ಅಡ್ಡಗೆರೆಯೊಳಗೆ ಹೋದವು.

ಇಲ್ಲಿ ನಮ್ಮ ನ್ಯಾಯಾಲಯಗಳು ಒಂದು ಹೆಜ್ಜೆ ಮುಂದೆ ಹೋಗಿವೆ ಎಂದು ಹೇಳಲು ನನಗೆ ಸಂತೋಷ. 2010ರಲ್ಲಿ ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಒಂದು ಅಂಗ ಶೇಕಡಾ ಎಷ್ಟು ಊನವಾಯಿತು ಎಂಬುದೇ ಬೇರೆ, ಆ ಮನುಷ್ಯನ ದುಡಿಮೆಗೆ ಎಷ್ಟು ಪೆಟ್ಟಾಯಿತು ಎಂಬುದೇ ಬೇರೆ ಎಂದು ಸ್ಪಷ್ಟಪಡಿಸಿತು. ಕೈ ಕಳೆದುಕೊಂಡ ಬಡಗಿಯೂ ಗುಮಾಸ್ತನೂ ಕಳೆದುಕೊಂಡದ್ದು ಒಂದೇ ಅಲ್ಲ ಎಂಬ ಉದಾಹರಣೆ ಕೊಟ್ಟಿತು. ಆ ತೀರ್ಪು ಬರೆದವರು ಹಿಂದೆ ಕರ್ನಾಟಕ ಹೈಕೋರ್ಟಿನಲ್ಲಿದ್ದ ನ್ಯಾಯಮೂರ್ತಿ ಆರ್. ವಿ. ರವೀಂದ್ರನ್. 2021ರ ಜನವರಿಯಲ್ಲಿ ಕೀರ್ತಿ ಪ್ರಕರಣದಲ್ಲಿ ನ್ಯಾಯಮೂರ್ತಿ ಎನ್. ವಿ. ರಮಣ ಅವರು ಗೃಹಿಣಿಯ ದುಡಿಮೆಗೆ ಬೆಲೆ ಕಟ್ಟಲೇಬೇಕು ಎಂದು ಬರೆದರು. ಅದಕ್ಕೆ ಅವರು 2019ರ ಕಾಲಬಳಕೆಯ ರಾಷ್ಟ್ರೀಯ ಸಮೀಕ್ಷೆಯನ್ನು ಆಧಾರವಾಗಿ ತೆಗೆದುಕೊಂಡರು. ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ, ಗಂಡಸರು 97. ಈ ಐದು ಗಂಟೆಯ ಕೆಲಸದಲ್ಲಿ ಬಹುಪಾಲು ಬಗ್ಗುವುದು, ಕೂರುವುದು, ಏಳುವುದು, ಹೊರುವುದು. ಎಲ್ಲವೂ ಸೊಂಟದ ಕೆಲಸ.

ನಮ್ಮ ರಾಜ್ಯ ಸರ್ಕಾರ 2016ರಲ್ಲಿ ಹರೀಶ್ ಸಾಂತ್ವನ ಯೋಜನೆಯನ್ನು ಆರಂಭಿಸಿತು. ಅಪಘಾತದಲ್ಲಿ ದೇಹ ತುಂಡಾಗಿ ಸಾಯುವ ಮುನ್ನ ತನ್ನ ಅಂಗಾಂಗಗಳನ್ನು ದಾನ ಮಾಡಿ ಎಂದ ತರುಣನ ಹೆಸರು ಅದಕ್ಕೆ. ಅಪಘಾತವಾದ ಮೊದಲ 48 ಗಂಟೆಯ ಚಿಕಿತ್ಸೆಗೆ 25,000 ರೂಪಾಯಿಯವರೆಗೆ ಸರ್ಕಾರ ಕೊಡುವ ಏರ್ಪಾಡು ಅದಾಗಿತ್ತು. ಬಹಳ ಒಳ್ಳೆಯದು, ಸೊಂಟ ಮುರಿದವರಿಗೆ ಮೊದಲ ಗಂಟೆಗಳೇ ಜೀವ. ಆದರೆ 48 ಗಂಟೆಯ ಆಚೆ ಇಪ್ಪತ್ತು, ಮೂವತ್ತು ವರ್ಷಗಳಿವೆ. ಅವನ್ನು ಕೇಳುವವರು ಯಾರು?

ದೊಡ್ಡ ಯೋಜನೆಯನ್ನೇನೂ ನಾನು ಸೂಚಿಸಲಾರೆ. ಆದರೆ ಸಣ್ಣ ಕೆಲಸ ಕೆಲವಿವೆ. ಆಸ್ಪತ್ರೆಯಿಂದ ಬಿಡುಗಡೆ ಮಾಡುವ ಚೀಟಿಯಲ್ಲಿ ಮಾತ್ರೆಗಳ ಹೆಸರಿನ ಕೆಳಗೆ ನಾಲ್ಕು ಸಾಲು ಬರೆಯಬಹುದು: ಮನೆಯಲ್ಲಿ ಎಂಥ ಕಕ್ಕಸಿದೆ, ಮಲಗುವುದು ಎಲ್ಲಿ, ಏನು ಕೆಲಸ ಮಾಡುತ್ತಿದ್ದರು, ಅದರಲ್ಲಿ ಯಾವುದನ್ನು ಯಾವಾಗ ಮತ್ತೆ ಮಾಡಬಹುದು. ಮೂತ್ರದ ತೊಂದರೆಯನ್ನು, ದಾಂಪತ್ಯದ ತೊಂದರೆಯನ್ನು ಕೇಳಲು ಒಬ್ಬ ನರ್ಸಮ್ಮನಿಗಾದರೂ ಹೇಳಿರಬಹುದು. ಸೊಂಟದ ಬಳೆಯ ತಳದ ಸ್ನಾಯುಗಳಿಗೆ ವ್ಯಾಯಾಮವಿದೆ, ಔಷಧಿಯಿದೆ, ಅದನ್ನು ನೋಡುವ ವೈದ್ಯರಿದ್ದಾರೆ ಎಂದು ಬಹಳ ಹೆಂಗಸರಿಗೆ ಗೊತ್ತೇ ಇಲ್ಲ. ಅತ್ತಿಗೆಗೆ ಗೊತ್ತಾದದ್ದು ಅಪಘಾತವಾಗಿ ಒಂಬತ್ತು ವರ್ಷದ ಮೇಲೆ, ಬೇರೆ ಯಾವುದೋ ಕಾಯಿಲೆಗೆ ಹೋದಾಗ, ಒಬ್ಬ ಲೇಡಿ ಡಾಕ್ಟರು ತಾವಾಗಿ ಕೇಳಿದ್ದರಿಂದ. ಆರು ತಿಂಗಳ ವ್ಯಾಯಾಮದಲ್ಲಿ ಬಹಳ ಮಟ್ಟಿಗೆ ಗುಣ ಕಂಡಿತು. ಮನೆಯವರು ಮಾಡಬಹುದಾದದ್ದೂ ಇದೆ. ಊಟದ ಪಂಕ್ತಿಯಲ್ಲಿ ಒಂದು ಮೇಜು ಕುರ್ಚಿ ಇರಿಸಿ, ಅದರಲ್ಲಿ ಅವರೊಬ್ಬರನ್ನೇ ಕೂರಿಸದೆ ಜೊತೆಗೆ ಇಬ್ಬರು ಕೂತರೆ ಸಾಕು.

ಮಾಲ್ಗೇನ್‌ನ ಕಾಲದಲ್ಲಿ ಉಳಿದರೆ ಸಾಕಿತ್ತು. ಲೆತೂರ್ನೆಲ್‌ನ ಕಾಲದಲ್ಲಿ ಮೂಳೆ ನೇರವಾಗಿ ಕೂಡಿದರೆ ಗೆಲುವು. ಇವತ್ತು ಕಾಲವೇನೋ ಮುಂದೆ ಬಂದಿದೆ, ಆದರೆ ಹಿಂದಿನ ಎರಡು ಪ್ರಶ್ನೆಗಳನ್ನು ಕೇಳಿ ಮೂರನೆಯದನ್ನು ಮರೆಯುವ ಅಭ್ಯಾಸ ಇನ್ನೂ ಇದೆ. ನಿಮ್ಮ ಓಣಿಯಲ್ಲಿ, ನೆಂಟರಲ್ಲಿ ಹೀಗೆ ಪೆಟ್ಟಾಗಿ ಎದ್ದವರು ಒಬ್ಬರಾದರೂ ಇದ್ದಾರು. ಇನ್ನೊಮ್ಮೆ ಸಿಕ್ಕಾಗ ‘ಈಗ ಆರಾಮಾ?’ ಎಂದು ಕೇಳಬೇಡಿ. ಅದಕ್ಕೆ ‘ಹೂಂ’ ಎಂಬ ಒಂದೇ ಉತ್ತರ ಬರುತ್ತದೆ. ಮೊದಲು ಮಾಡುತ್ತಿದ್ದ ಯಾವ ಕೆಲಸವನ್ನು ಬಿಟ್ಟಿರಿ ಎಂದು ಕೇಳಿ, ಕೇಳಿದ ಮೇಲೆ ಸ್ವಲ್ಪ ಹೊತ್ತು ಕೂತುಕೊಳ್ಳಿ. ಅವರು ಹೇಳುವುದನ್ನು ಬರೆದಿಟ್ಟರೆ ಅದೂ ಚರಿತ್ರೆಯೇ.